ಎಲ್ಲ ಟಿವಿಯ ತೂತೂ ಒಂದೇ ಅಲ್ಲ

1972ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮ್ಯಾಗ್ನವಾಕ್ಸ್ ಒಡಿಸ್ಸಿ, ಮನೆಯ ಟಿವಿಗೆ ಜೋಡಿಸಿ ಆಡುವ ಮೊದಲ ವಿಡಿಯೋ ಗೇಮ್ ಯಂತ್ರ. ಆಂಟೆನಾ ತಂತಿ ಬಿಚ್ಚಿ, ನಡುವೆ ಪುಟ್ಟದೊಂದು ಸ್ವಿಚ್ ಡಬ್ಬಿ ಕೂರಿಸಿ, ಟಿವಿಯನ್ನು 3 ಅಥವಾ 4ನೇ ಚಾನೆಲ್‌ಗೆ ತಿರುಗಿಸಿದರೆ ಕೆಲಸ ಮುಗಿಯಿತು. ಯಾವ ಕಂಪನಿಯ ಟಿವಿಯಾದರೂ ನಡೆಯುತ್ತಿತ್ತು. ಆದರೆ ಕಂಪನಿ ಅದನ್ನು ತನ್ನ ಟಿವಿ ಮಾರುವ ಅಂಗಡಿಗಳಲ್ಲೇ ಇಟ್ಟಿತ್ತು. ಇದು ಮ್ಯಾಗ್ನವಾಕ್ಸ್ ಟಿವಿಗಷ್ಟೇ ಹೊಂದುತ್ತದೆ ಎಂದು ನಂಬಿದ ಗಿರಾಕಿಗಳು ಬಹಳ.

ಅರ್ಧ ಶತಮಾನದ ನಂತರ ಗೊಂದಲ ತಿರುವುಮುರುವಾಗಿದೆ. ಈಗ ಎಲ್ಲ ಟಿವಿಗೂ ಹೊಂದುವ ಒಂದೇ ಎಚ್‌ಡಿಎಂಐ ತಂತಿ ಇದೆ, ಚುಚ್ಚಿದರೆ ಚಿತ್ರವೂ ಮೂಡುತ್ತದೆ. ದುಡ್ಡು ಕೊಟ್ಟಷ್ಟು ಚಿತ್ರ ಮೂಡಿತೇ ಎಂಬುದು ಮಾತ್ರ ಕೊಂಡವರಿಗೆ ತಿಳಿಯುವುದಿಲ್ಲ. ಹಳದಿ ಪಿನ್ನು ಹಳದಿ ತೂತಿಗೆ, ಕೆಂಪು ಕೆಂಪಿಗೆ ಎಂದು ಮಕ್ಕಳೇ ಜೋಡಿಸಿ ಮಾರಿಯೊ ಆಡುತ್ತಿದ್ದ ತೊಂಬತ್ತರ ದಶಕದಲ್ಲಿ ಈ ಅನುಮಾನಕ್ಕೆ ಜಾಗವೇ ಇರಲಿಲ್ಲ.

ಎಚ್‌ಡಿಎಂಐನ 2.0 ಆವೃತ್ತಿ ಸೆಕೆಂಡಿಗೆ 18 ಗಿಗಾಬಿಟ್ ಸಾಗಿಸಬಲ್ಲದು. ಬಣ್ಣ ಕಡಿತ ಮಾಡದೆ 4ಕೆ ಚಿತ್ರವನ್ನು ಸೆಕೆಂಡಿಗೆ 120 ಬಾರಿ ಕಳಿಸಲು ಅದು ಸಾಲದು. 2017ರಲ್ಲಿ ಬಂದ 2.1ರ ಮಿತಿ 48 ಗಿಗಾಬಿಟ್. 2020ರ ನವೆಂಬರ್‌ನಲ್ಲಿ ಬಿಡುಗಡೆಯಾದ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡೂ ಇದನ್ನೇ ನೆಚ್ಚಿಕೊಂಡಿವೆ. ಹಾಗಾದರೆ ಡಬ್ಬಿಯ ಮೇಲೆ 2.1 ಎಂದಿರುವ ಟಿವಿ ತಂದರೆ ಸಾಕಲ್ಲವೇ? ಸಾಲದು! 2.0 ಎಂಬುದು ಇನ್ನು ಪ್ರತ್ಯೇಕವಾಗಿ ಇಲ್ಲ, ಅದು 2.1ರೊಳಗೇ ಸೇರಿದೆ, ಹೊಸ ಸೌಲಭ್ಯಗಳೆಲ್ಲ ಐಚ್ಛಿಕ ಎಂದು ಪರವಾನಗಿ ಕೊಡುವ ಸಂಸ್ಥೆಯೇ 2021ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿತು. ಯಾವ ಸೌಲಭ್ಯ ಇದೆ ಎಂದು ತಯಾರಕರು ತಿಳಿಸಬೇಕೆಂದೂ ಅದು ಹೇಳಿತು. ತಿಳಿಸುವವರು ತಿಳಿಸುತ್ತಾರೆ, ಸಣ್ಣಕ್ಷರದಲ್ಲಿ.

ಇನ್ನೊಂದು ಕಿತಾಪತಿ ಟಿವಿಯ ಬೆನ್ನಲ್ಲಿದೆ. ನಾಲ್ಕು ಕಿಂಡಿಗಳಿದ್ದರೂ ಹಲವು ಟಿವಿಗಳಲ್ಲಿ ಪೂರ್ಣ ವೇಗ ಎರಡಕ್ಕೆ ಮಾತ್ರ. ಆ ಎರಡರಲ್ಲಿ ಒಂದು ಹೆಚ್ಚಾಗಿ ಸೌಂಡ್‌ಬಾರ್‌ಗೆಂದು ಮೀಸಲಾದದ್ದು. ಸರಿಯಾದ ಕಿಂಡಿಗೇ ಚುಚ್ಚಿದರೂ ಸೆಟ್ಟಿಂಗ್ಸ್‌ಗೆ ಹೋಗಿ ಅದರ ಪೂರ್ತಿ ಸಾಮರ್ಥ್ಯವನ್ನು ಕೈಯಾರೆ ಚಾಲೂ ಮಾಡಬೇಕಾದ ಟಿವಿಗಳಿವೆ. ಆ ಗುಂಡಿಗೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ.

ಚಿತ್ರ ತೀಡುವ ಕೆಲಸ ತಗ್ಗಿಸಿ ಆಟದ ತಡ ಇಳಿಸುವ ಗೇಮ್ ಮೋಡ್ ಕಥೆಯೂ ಇಷ್ಟೇ. ಸೆಕೆಂಡಿಗೆ 60 ಚಿತ್ರಗಳೆಂದರೆ ಒಂದೊಂದಕ್ಕೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ಸಿನಿಮಾ ಚೆಂದ ಕಾಣಲೆಂದು ಟಿವಿ ಪ್ರತಿ ಚಿತ್ರವನ್ನೂ ತೀಡುತ್ತ ಕೂತರೆ ಅಂಥ ಹಲವು ಚಿತ್ರಗಳಷ್ಟು ತಡವಾಗುತ್ತದೆ. ಗುಂಡಿ ಒತ್ತಿದ ಮೇಲೆ ಮಾರಿಯೊ ತಡೆದು ಹಾರಿದರೆ ತಪ್ಪು ಹುಡುಗನ ಬೆರಳಿನದಲ್ಲ. ಅಂದಹಾಗೆ, ಡಕ್ ಹಂಟ್ ಆಟದ ಹಳೆಯ ಪ್ಲಾಸ್ಟಿಕ್ ಬಂದೂಕು ಇಂದಿನ ತೆಳು ಪರದೆಯಲ್ಲಿ ಒಂದು ಬಾತುಕೋಳಿಯನ್ನೂ ಹೊಡೆಯದಿರಲು ಈ ತಡವೂ ಒಂದು ಕಾರಣ.

ಎಷ್ಟು ಕರೆಂಟ್ ಉರಿಸುತ್ತದೆ ಎಂಬ ನಕ್ಷತ್ರದ ಚೀಟಿ ಟಿವಿಯ ಮೇಲೆಯೇ ಅಂಟಿರುತ್ತದೆ. ಯಾವ ಕಿಂಡಿ ಎಷ್ಟು ವೇಗದ್ದು ಎಂಬ ಎರಡು ಸಾಲನ್ನೂ ಅದರ ಪಕ್ಕದಲ್ಲೇ ಅಂಟಿಸುವುದು ಕಂಪನಿಗಳಿಗೆ ಭಾರವಲ್ಲ. ಅಲ್ಲಿಯವರೆಗೆ, ಹಣ ಎಣಿಸುವ ಮುನ್ನ 2.1 ಇದೆಯೇ ಎಂದು ಕೇಳಬೇಡಿ. ‘4ಕೆ, 120 ಹರ್ಟ್ಸ್ ಯಾವ ಕಿಂಡಿಯಲ್ಲಿ ಬರುತ್ತದೆ, ತೋರಿಸಿ’ ಎಂದು ಕೇಳಿ.