ರಸ್ತೆಯ ಮೈ ಮುಟ್ಟಿ ನೋಡುವ ಯಂತ್ರ

ಧನುರ್ಮಾಸದ ಬೆಳಗಿನ ಜಾವ ಬಯಲಲ್ಲಿ ನಿಲ್ಲಿಸಿದ ಸ್ಕೂಟರಿನ ಸೀಟು ಇಬ್ಬನಿಯಿಂದ ಒದ್ದೆಯಾಗಿರುತ್ತದೆ. ಪಕ್ಕದಲ್ಲೇ ಹೊಂಗೆ ಮರದಡಿ ನಿಲ್ಲಿಸಿದ ಸ್ಕೂಟರು ಒಣಗಿಯೇ ಇರುತ್ತದೆ. ಗಮನಿಸಿದ್ದೀರಾ ಮಕ್ಕಳೇ? ಮೋಡವಿಲ್ಲದ ರಾತ್ರಿ ಬಯಲಲ್ಲಿರುವ ವಸ್ತು ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಮೇಲೆ ಮರವಿದ್ದರೆ ಕಂಬಳಿ ಹೊದ್ದ ಹಾಗೆ. ಇದಿಷ್ಟು ನೆನಪಿಟ್ಟುಕೊಂಡು ನನ್ನ ಜೊತೆ ಅಮೆರಿಕದ ಮಿನ್ನೆಸೋಟಕ್ಕೆ ಬನ್ನಿ.

ಕೆನಡಾದ ಗಡಿಗೆ ತಾಗಿಕೊಂಡಿರುವ ರಾಜ್ಯ ಅದು. ಚಳಿಗಾಲದಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದು ಅಲ್ಲಿ ಅಪರೂಪವಲ್ಲ. ನಮ್ಮ ಕನ್ನಡದ ಮನೆಗಳ ಮಕ್ಕಳೂ ಅಲ್ಲಿದ್ದಾರೆ. ಇಲ್ಲಿರುವ ಅಜ್ಜ-ಅಜ್ಜಿ ಮೊಬೈಲಿನಲ್ಲಿ ಅಲ್ಲಿಯ ಹವಾಮಾನ ನೋಡಿ, “2 ಡಿಗ್ರಿ ಇದೆ, ಸದ್ಯ ಸೊನ್ನೆಗಿಳಿದಿಲ್ಲ” ಎಂದು ಸಮಾಧಾನಪಡುವುದುಂಟು. ಆದರೆ ಮೊಬೈಲು ಹೇಳುವುದು ಗಾಳಿಯ ಉಷ್ಣತೆಯನ್ನು. ಕಾರಿನ ಚಕ್ರ ಓಡುವುದು ರಸ್ತೆಯ ಮೇಲೆ! ಗಾಳಿ 2 ಡಿಗ್ರಿ ಇದ್ದಾಗಲೂ ಟಾರು ನಮ್ಮ ಸ್ಕೂಟರಿನ ಸೀಟಿನಂತೆ ತಣಿದು, ಸೊನ್ನೆಗಿಂತ ಕೆಳಗಿಳಿದಿರಬಹುದು. ಆಗ ಅದರ ಮೇಲಿನ ತೇವ ಕನ್ನಡಿಯಂಥ ಮಂಜುಗಡ್ಡೆಯ ಪದರವಾಗುತ್ತದೆ. ಅದರೊಳಗಿಂದ ಕಪ್ಪು ಟಾರು ಕಾಣುವುದರಿಂದ ‘ಬ್ಲ್ಯಾಕ್ ಐಸ್’ ಎನ್ನುತ್ತಾರೆ. ಚಾಲಕನಿಗೆ ಬರೀ ಒದ್ದೆ ರಸ್ತೆಯಂತೆ ಕಾಣುತ್ತದೆ. ಬ್ರೇಕ್ ಒತ್ತಿದರೆ ಕಾರು ಜಾರಿಕೊಂಡೇ ಹೋಗುತ್ತದೆ. ಸೇತುವೆಗಳಂತೂ ಇನ್ನೂ ಮೋಸ. ಮೇಲೂ ಗಾಳಿ, ಕೆಳಗೂ ಗಾಳಿ, ಬೆಚ್ಚಗಿಡಲು ಅಡಿಯಲ್ಲಿ ನೆಲವೇ ಇಲ್ಲ. ಹಾಗಾಗಿ ಮೊದಲು ಹೆಪ್ಪುಗಟ್ಟುವುದು ಅವೇ.

ಇದಕ್ಕೆ ಮದ್ದು, ನಮ್ಮ ಅಡುಗೆಮನೆಯ ಉಪ್ಪೇ. ಉಪ್ಪು ಬೆರೆತ ನೀರು ಸೊನ್ನೆಯಲ್ಲಿ ಗಟ್ಟಿಯಾಗುವುದಿಲ್ಲ, ಇನ್ನೂ ಕೆಳಗಿಳಿಯಬೇಕು. ಹಾಗಂತ ಲಾರಿಗಟ್ಟಲೆ ಸುರಿದುಬಿಟ್ಟರೆ ಆಯಿತೇ? ಇಲ್ಲಿದೆ ನೋಡಿ ಲೆಕ್ಕ. ರಸ್ತೆ ಸೊನ್ನೆಗಿಂತ 1 ಡಿಗ್ರಿ ಕೆಳಗಿದ್ದರೆ 1 ಕಿಲೋ ಉಪ್ಪು ಸುಮಾರು 46 ಕಿಲೋ ಮಂಜುಗಡ್ಡೆ ಕರಗಿಸುತ್ತದೆ. 7 ಡಿಗ್ರಿ ಕೆಳಗಿದ್ದರೆ ಅದೇ ಉಪ್ಪು 9 ಕಿಲೋ ಕೂಡ ಕರಗಿಸದು. 12 ಡಿಗ್ರಿ ಕೆಳಗೆ 5 ಕಿಲೋ, ಅದೂ ಆಮೆಯ ವೇಗದಲ್ಲಿ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಇದು ಡಾಲರ್ ವಿನಿಮಯ ದರದಂತೆ ಕಾಣುತ್ತದೆ. ಆ ಹೊತ್ತಿನ ದರ ತಿಳಿಯದೆ ವ್ಯವಹಾರಕ್ಕಿಳಿದರೆ ಕೈ ಸುಡುತ್ತದೆ.

ಆ ‘ದರ’ ಹೇಳುವುದೇ ರಸ್ತೆಯ ಸೆನ್ಸರು. ಒಂದು ಬಗೆಯದು ಅಂಗೈ ಅಗಲದ ಬಿಲ್ಲೆ. ಟಾರಿನೊಳಗೆ ರಸ್ತೆಯ ಮಟ್ಟಕ್ಕೆ ಸರಿಯಾಗಿ ಹುದುಗಿಸುತ್ತಾರೆ, ಚಕ್ರಗಳು ಅದರ ಮೇಲೆಯೇ ಓಡಾಡುತ್ತವೆ. ಅಮ್ಮ ಹಣೆ ಮುಟ್ಟಿ ಜ್ವರ ನೋಡುತ್ತಾಳಲ್ಲ, ಹಾಗೆ ಅದು ರಸ್ತೆಯ ಮೈ ಮುಟ್ಟಿ ಉಷ್ಣತೆ ಹೇಳುತ್ತದೆ. ಉಪ್ಪುನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಆ ಗುಣದಿಂದ, ನಿನ್ನೆ ಹಾಕಿದ ಉಪ್ಪು ಇನ್ನೂ ಉಳಿದಿದೆಯೇ ಎಂದೂ ಪತ್ತೆ ಹಚ್ಚುತ್ತದೆ. ಇನ್ನೊಂದು ಬಗೆ ರಸ್ತೆ ಬದಿಯ ಕಂಬದ ಮೇಲೆ ಕುಳಿತು ನಮ್ಮ ಕಣ್ಣಿಗೆ ಕಾಣದ ಬೆಳಕನ್ನು ಕೆಳಗೆ ಬೀರುತ್ತದೆ. ನೀರು ಆ ಬೆಳಕನ್ನು ಹೀರುವ ರೀತಿ ಬೇರೆ, ಮಂಜುಗಡ್ಡೆ ಹೀರುವ ರೀತಿ ಬೇರೆ. ವಾಪಸು ಬಂದ ಬೆಳಕು ನೋಡಿ ಕೆಳಗಿರುವುದು ಯಾವುದೆಂದು ಹೇಳಿಬಿಡುತ್ತದೆ!

ಇದರಿಂದ ದೊಡ್ಡ ಲಾಭವೆಂದರೆ, ಹೆಪ್ಪುಗಟ್ಟುವ ಮೊದಲೇ ಉಪ್ಪುನೀರು ಚಿಮುಕಿಸಬಹುದು. ಗಟ್ಟಿಯಾಗಿ ಅಂಟಿಕೊಂಡ ಮೇಲೆ ಎಬ್ಬಿಸಲು ಹೆಚ್ಚು ಉಪ್ಪು ಬೇಕು. ದೋಸೆ ಹೊಯ್ಯುವ ಮೊದಲು ಕಾವಲಿಗೆ ಎಣ್ಣೆ ಸವರುವುದೇಕೆಂದು ಅಜ್ಜಿಯನ್ನು ಕೇಳಿ.

ಉಪ್ಪು ಅಗ್ಗ, ಉಳಿಸಿ ಏನಾಗಬೇಕು ಎನ್ನುತ್ತೀರಾ? ಮಿನ್ನೆಸೋಟದಲ್ಲಿ 10,000ಕ್ಕೂ ಹೆಚ್ಚು ಕೆರೆ-ಸರೋವರಗಳಿವೆ. ಕರಗಿದ ಉಪ್ಪೆಲ್ಲ ಕೊನೆಗೆ ಸೇರುವುದು ಅಲ್ಲಿಗೆ, ಇಲ್ಲವೇ ಅಂತರ್ಜಲಕ್ಕೆ. ಒಂದು ಟೀ ಚಮಚ ಉಪ್ಪು ಸುಮಾರು 19 ಲೀಟರ್ ನೀರನ್ನು ಕೆಡಿಸಲು ಸಾಕು ಎನ್ನುತ್ತದೆ ಅಲ್ಲಿಯ ಮಾಲಿನ್ಯ ನಿಯಂತ್ರಣ ಇಲಾಖೆ. ನಮ್ಮ ಮನೆಗೆ ಬರುವ ಕುಡಿಯುವ ನೀರಿನ ಕ್ಯಾನಿನಷ್ಟು! ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಕೂರುತ್ತದೆ. ಮೀನುಗಳು, ಅವು ತಿನ್ನುವ ಸಣ್ಣ ಜೀವಿಗಳು ತಾಳಲಾರವು. ರಸ್ತೆಯಲ್ಲಿ ಜನ ಸಾಯಬಾರದು, ಕೆರೆಯಲ್ಲಿ ಮೀನೂ ಸಾಯಬಾರದು. ಈ ಇಕ್ಕಟ್ಟಿಗೆ ನನಗೆ ಕಾಣುವ ಮರ್ಯಾದಸ್ಥ ದಾರಿ, ಅಳತೆ ಮಾಡಿ ಹಾಕುವುದೊಂದೇ.

ಅಲ್ಲಿ ಹಿಮ ಸರಿಸುವ ಲಾರಿಗಳಿಗೆ ಜನರಿಂದಲೇ ಹೆಸರಿಡಿಸುತ್ತಾರೆ. ‘ಡಾರ್ಥ್ ಬ್ಲೇಡರ್’ ಎಂಬುದೊಂದಿದೆ. 2022ರಲ್ಲಿ ಗೆದ್ದ ಹೆಸರುಗಳಲ್ಲಿ ನನಗಿಷ್ಟವಾದದ್ದು ‘ಕಂಟ್ರೋಲ್ ಸಾಲ್ಟ್ ಡಿಲೀಟ್’. ಅರ್ಥವಾಗದ ಅಜ್ಜಂದಿರಿಗೆ ಮೊಮ್ಮಕ್ಕಳು ಕೀಬೋರ್ಡು ತೋರಿಸಿ ವಿವರಿಸಲಿ.

ಸೆನ್ಸರಿಗೆ ಗೊತ್ತಿರುವುದು ತಾನಿರುವ ಜಾಗದ ಸಂಗತಿ ಮಾತ್ರ. ಎರಡು ಸೆನ್ಸರುಗಳ ನಡುವೆ ಮರದ ನೆರಳಿನ ತಿರುವಿರಬಹುದು, ಸೇತುವೆಯಿರಬಹುದು. ಅದಕ್ಕೇ ಲಾರಿಗಳಿಗೂ ರಸ್ತೆಯ ಉಷ್ಣತೆ ಅಳೆಯುವ ಮಾಪಕ ಕಟ್ಟಿರುತ್ತಾರೆ. ನಡುರಾತ್ರಿ 3 ಗಂಟೆಗೆ ಎಲ್ಲರೂ ಮಲಗಿರುವಾಗ ಚಾಲಕ ಆ ಅಂಕಿ ನೋಡುತ್ತಾನೆ, ದೀಪದ ಬೆಳಕಿನಲ್ಲಿ ಮುಂದಿನ ಸೇತುವೆ ನೋಡುತ್ತಾನೆ. ಎಷ್ಟು ಉಪ್ಪು ಬೀಳಬೇಕೆಂದು ಗುಂಡಿ ತಿರುಗಿಸಿ, ಮುಂದಕ್ಕೆ ಹೋಗುತ್ತಾನೆ.