‘ಇತರೆ’ ಎಂದರೆ ಯಾರು?

ಸರ್ಕಾರಿ ಕೆಲಸದ ಅಧಿಸೂಚನೆಯನ್ನು ಕೊನೆಯ ಪುಟದವರೆಗೆ ಓದುವವರು ಕಡಿಮೆ. ಹುದ್ದೆ ಎಷ್ಟು, ವಯೋಮಿತಿ ಎಷ್ಟು, ಶುಲ್ಕ ಎಷ್ಟು, ಕೊನೇ ದಿನ ಯಾವುದು, ಇಷ್ಟು ನೋಡಿಕೊಂಡು ಸೈಬರ್ ಸೆಂಟರಿನ ಹುಡುಗನ ಕೈಗೆ ಅಂಕಪಟ್ಟಿ ಕೊಟ್ಟುಬಿಡುತ್ತಾರೆ. ಅವನು ಕೇಳಿದ್ದಕ್ಕೆಲ್ಲ ‘ಹೂಂ’ ಅನ್ನುತ್ತಾರೆ. ‘ರೂರಲ್ಲಾ?’ ‘ಹೂಂ.’ ‘ಕನ್ನಡ ಮೀಡಿಯಮ್ಮಾ?’ ‘ಹೂಂ.’ ಒಂದೊಂದು ಹೂಂಗೂ ಒಂದೊಂದು ಪ್ರಮಾಣಪತ್ರ ಬೇಕು, ಆ ಪತ್ರಕ್ಕೊಂದು ತಾರೀಖು ಇರಬೇಕು ಎಂಬುದು ತಿಳಿಯುವುದು ಪರೀಕ್ಷೆ ಬರೆದು, ಅಂಕ ಬಂದು, ದಾಖಲೆ ಪರಿಶೀಲನೆಯ ಮೇಜಿನ ಮುಂದೆ ನಿಂತಾಗ. ಪತ್ರದ ತಾರೀಖು ಅರ್ಜಿಯ ಕೊನೇ ದಿನದ ನಂತರದ್ದಾಗಿದ್ದರೆ ಅಲ್ಲಿಗೆ ಮುಗಿಯಿತು.

ನೇಮಕಾತಿಗೆ ತನ್ನದೇ ಒಂದು ಭಾಷೆಯಿದೆ. ಅಕ್ಷರ ಕನ್ನಡದ್ದೇ, ಅರ್ಥ ಮಾತ್ರ ನಾವು ಆಡುವ ಕನ್ನಡದ್ದಲ್ಲ.

ಮೊದಲು ಹುದ್ದೆಗಳ ವರ್ಗೀಕರಣದ ಕೋಷ್ಟಕ ನೋಡಿ. ಒಂದು ಕಡೆ ಸಾಮಾನ್ಯ ಅರ್ಹತೆ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ 1, 2ಎ, 2ಬಿ, 3ಎ, 3ಬಿ. ಇನ್ನೊಂದು ಕಡೆ ಇತರೆ, ಮಹಿಳೆ, ಗ್ರಾಮೀಣ, ಕನ್ನಡ ಮಾಧ್ಯಮ, ಮಾಜಿ ಸೈನಿಕ, ಯೋಜನಾ ನಿರಾಶ್ರಿತ, ಅಂಗವಿಕಲ. ಇವುಗಳಲ್ಲಿ ಎರಡು ಪದಗಳು ಮಕ್ಕಳನ್ನು ಬಹಳ ದಾರಿ ತಪ್ಪಿಸಿವೆ. ‘ಸಾಮಾನ್ಯ ಅರ್ಹತೆ’ ಎಂದರೆ ಮೀಸಲಾತಿ ಇಲ್ಲದ ಜಾತಿಗಳ ಪಾಲು ಎಂದು ಹಳ್ಳಿಗಳಲ್ಲಿ ಇಂದಿಗೂ ತಿಳಿದಿದ್ದಾರೆ. ‘ಜನರಲ್ಲು ನಮ್ಮದಲ್ಲ ಬಿಡಿ ಸಾರ್’ ಎಂದು ಚೆನ್ನಾಗಿ ಓದುವ ಹುಡುಗರೇ ಹೇಳುವುದನ್ನು ಕೇಳಿದ್ದೇನೆ. ಅದು ಯಾರ ಪಾಲೂ ಅಲ್ಲ, ಅಂಕವಿದ್ದ ಎಲ್ಲರದೂ ಹೌದು. ಉತ್ತರ ಪ್ರದೇಶದ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರ ಡಿಸೆಂಬರಿನಲ್ಲಿ ಇದನ್ನೇ ಮತ್ತೊಮ್ಮೆ ಬಿಡಿಸಿ ಹೇಳಿತು. ಮುಕ್ತ ಸ್ಥಾನಗಳಲ್ಲಿ ಮಹಿಳೆಯರಿಗೆಂದು ಇಟ್ಟವು ಕೂಡ ಎಲ್ಲ ಜಾತಿಯ ಮಹಿಳೆಯರಿಗೂ ತೆರೆದಿರುತ್ತವೆ ಎಂದಿತು. ಇನ್ನು ‘ಇತರೆ’. ಮಹಿಳೆಯೂ ಅಲ್ಲ, ಗ್ರಾಮೀಣನೂ ಅಲ್ಲ, ಏನೂ ಅಲ್ಲದವನು ಎಂದು ಅದಕ್ಕೆ ಅರ್ಥ ಹೇಳುವವರಿದ್ದಾರೆ. ಹಾಗಲ್ಲ. ಆ ವರ್ಗದೊಳಗೆ ಇನ್ನಾವ ಒಳಮೀಸಲೂ ಇಲ್ಲದ ಹುದ್ದೆ ಎಂದಷ್ಟೇ ಅದರರ್ಥ. ಅಂಕವಿದ್ದರೆ ಹಳ್ಳಿಯ ಹೆಣ್ಣುಮಗಳೂ ಅಲ್ಲಿಗೆ ಬರುತ್ತಾಳೆ.

ಈ ಕೋಷ್ಟಕವನ್ನು ನನ್ನ ವಿದ್ಯಾರ್ಥಿಗಳಿಗೆ ನಾನು ನಕ್ಷಾ ಹಾಳೆಯಂತೆ ವಿವರಿಸುತ್ತೇನೆ. ವೈ ಅಕ್ಷದ ಮೇಲೆ ಜಾತಿ, ಪ್ರವರ್ಗ. ಅದು ಲಂಬ ಮೀಸಲಾತಿ. ಎಕ್ಸ್ ಅಕ್ಷದ ಮೇಲೆ ಮಹಿಳೆ, ಗ್ರಾಮೀಣ ಇತ್ಯಾದಿ. ಅದು ಸಮತಳ ಮೀಸಲಾತಿ. ಪ್ರತಿಯೊಂದು ಹುದ್ದೆಯೂ ಇವೆರಡೂ ಕೂಡುವ ಒಂದು ಬಿಂದು. 1992ರ ಮಂಡಲ್ ತೀರ್ಪಿನಲ್ಲೇ ಈ ಲಂಬ, ಸಮತಳಗಳ ವ್ಯತ್ಯಾಸವನ್ನು ಹೇಳಲಾಗಿತ್ತು. ಲೆಕ್ಕ ಮಾಡುವ ಕ್ರಮ ಮಾತ್ರ ಎರಡಕ್ಕೂ ಬೇರೆ ಬೇರೆ. 2ಎ ಅಭ್ಯರ್ಥಿ ತನ್ನ ಅಂಕದ ಬಲದಿಂದಲೇ ಸಾಮಾನ್ಯ ಅರ್ಹತೆಯಲ್ಲಿ ಆಯ್ಕೆಯಾದರೆ ಅವನನ್ನು 2ಎ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆ ಪಾಲು ಹಾಗೇ ಉಳಿಯುತ್ತದೆ. ಸಮತಳದಲ್ಲಿ ಹಾಗಲ್ಲ. 2ಎಗೆ 15 ಹುದ್ದೆ, ಅದರಲ್ಲಿ 5 ಮಹಿಳೆಯರಿಗೆ ಎಂದಿಟ್ಟುಕೊಳ್ಳಿ. ಮೊದಲು 2ಎ ಪಟ್ಟಿಯಿಂದ ಅಂಕದ ಕ್ರಮದಲ್ಲಿ 15 ಜನರನ್ನು ತೆಗೆಯಬೇಕು. ಆ ಹದಿನೈದರಲ್ಲೇ ಐವರು ಮಹಿಳೆಯರಿದ್ದರೆ ಕೆಲಸ ಮುಗಿಯಿತು. ಮೂವರೇ ಇದ್ದರೆ ಕೊನೆಯ ಇಬ್ಬರು ಪುರುಷರು ಕೆಳಗಿಳಿದು, ಪಟ್ಟಿಯಲ್ಲಿ ಮುಂದಿರುವ ಇಬ್ಬರು ಮಹಿಳೆಯರು ಮೇಲೆ ಬರುತ್ತಾರೆ. ರಾಜಸ್ಥಾನದ ಪ್ರಕರಣವೊಂದರಲ್ಲಿ 2007ರಲ್ಲಿ ಸುಪ್ರೀಂ ಕೋರ್ಟು ಹಾಕಿಕೊಟ್ಟ ಕ್ರಮ ಇದು. ‘ನನಗಿಂತ ಕಡಿಮೆ ಅಂಕದವಳಿಗೆ ಕೆಲಸ ಸಿಕ್ಕಿತು’ ಎಂದು ಗೊಣಗುವವರೂ, ‘ನಮ್ಮ ಕೋಟಾ ನುಂಗಿದರು’ ಎಂದು ದೂರುವವರೂ ಒಮ್ಮೆ ಕಾಗದ ಪೆನ್ಸಿಲು ಹಿಡಿದು ಈ ಲೆಕ್ಕ ಮಾಡಿ ನೋಡಬೇಕು.

ಹೆಚ್ಚು ಕಣ್ಣೀರು ಹರಿಸಿದ ಪದ ‘ಗ್ರಾಮೀಣ’. ಅಧಿಸೂಚನೆಯ ಪ್ರಕಾರ ಗ್ರಾಮೀಣನೆಂದರೆ ಹಳ್ಳಿಯಲ್ಲಿ ಹುಟ್ಟಿದವನಲ್ಲ, ಹಳ್ಳಿಯಲ್ಲಿ ಮನೆ ಇರುವವನೂ ಅಲ್ಲ. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿದವನು. ಪಾಲು ಶೇಕಡಾ 25, ಸಣ್ಣದೇನಲ್ಲ. ಕನ್ನಡ ಮಾಧ್ಯಮದ ಶೇಕಡಾ 5ಕ್ಕೂ ಅದೇ ಹತ್ತು ವರ್ಷದ ಷರತ್ತು. ಈಗ ಒಂದು ಹಳ್ಳಿಯನ್ನು ಊಹಿಸಿಕೊಳ್ಳಿ. ಏಳನೆಯವರೆಗೆ ಶಾಲೆಯಿದೆ, ಹೈಸ್ಕೂಲಿಲ್ಲ. ಹುಡುಗಿ ಎಂಟನೆಯ ತರಗತಿಗೆ ತಾಲ್ಲೂಕು ಕೇಂದ್ರದ ಹಾಸ್ಟೆಲು ಸೇರುತ್ತಾಳೆ. ಮೂರು ವರ್ಷ ಪಟ್ಟಣದ ಶಾಲೆಯಲ್ಲಿ ಓದಿದ್ದರಿಂದ ಅವಳು ಗ್ರಾಮೀಣಳಲ್ಲ! ಮುಖ್ಯರಸ್ತೆಯ ಪಕ್ಕದ, ಹೈಸ್ಕೂಲಿರುವ ದೊಡ್ಡ ಹಳ್ಳಿಯ ಅನುಕೂಲಸ್ಥರ ಮಗ ಗ್ರಾಮೀಣ. ಊರು ಹಿಂದುಳಿದಷ್ಟೂ ಈ ಪದ ದೂರ ಓಡುತ್ತದೆ. ನಿಯಮ ಮಾಡಿದವರಿಗೆ ಸುಲಭವಾಗಿ ಅಳೆಯುವ ಒಂದು ಅಳತೆಗೋಲು ಬೇಕಾಗಿತ್ತು, ಅದು ನನಗೆ ಅರ್ಥವಾಗುತ್ತದೆ. ಆದರೆ ಅಳೆಯಲು ಸುಲಭವಾದದ್ದನ್ನೇ ಅಳೆದು, ಅಳೆಯಬೇಕಾದದ್ದನ್ನು ಬಿಟ್ಟರೆ ಪ್ರಯೋಗಶಾಲೆಯಲ್ಲಿ ನಾವು ಅದಕ್ಕೆ ಅಂಕ ಕೊಡುವುದಿಲ್ಲ.

ಅರ್ಹರಿರುವವರಾದರೂ ಪತ್ರವನ್ನು ಸರಿಯಾಗಿ ಮಾಡಿಸಿಕೊಳ್ಳಬೇಕು. ನಮೂನೆ 2ಕ್ಕೆ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು. ಸಾಮಾನ್ಯ ಅರ್ಹತೆಯಲ್ಲಿ ಗ್ರಾಮೀಣ ಪಾಲು ಕೇಳುವವರು ಮೇಲುಸ್ತರಕ್ಕೆ ಸೇರಿಲ್ಲವೆಂಬ ನಮೂನೆ 1ನ್ನೂ ಇಟ್ಟುಕೊಳ್ಳಬೇಕು. ಪ್ರಾಥಮಿಕ ಒಂದು ಶಾಲೆ, ಪ್ರೌಢ ಇನ್ನೊಂದು ಶಾಲೆಯಾದರೆ ಎರಡು ಕಡೆಯೂ ಓಡಾಟ. ಮದುವೆಯಾದ ಹೆಣ್ಣುಮಕ್ಕಳಿಗೆ ಇನ್ನೊಂದು ತೊಡಕು. ಜಾತಿ ಆದಾಯ ಪತ್ರ ತಂದೆಯ ಹೆಸರಿನಲ್ಲೋ ಗಂಡನ ಹೆಸರಿನಲ್ಲೋ? ರಾಜ್ಯದಲ್ಲಿ 2022ರಲ್ಲಿ ನಡೆದ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿ ಇದೇ ಪ್ರಶ್ನೆಯಿಂದ ಹೈಕೋರ್ಟಿನ ಮೆಟ್ಟಿಲೇರಿ, ಆಯ್ಕೆಯಾದವರು ತಿಂಗಳುಗಟ್ಟಲೆ ತ್ರಿಶಂಕುವಾದರು.

‘ಬ್ಯಾಕ್‌ಲಾಗ್’ ಅಥವಾ ಹಿಂಬಾಕಿ ಎಂದರೆ ಮೀಸಲು ಹುದ್ದೆ ಭರ್ತಿಯಾಗದೆ ಹಿಂದಿನಿಂದ ಉಳಿದುಬಂದದ್ದು. 2000ದ ಸಂವಿಧಾನ ತಿದ್ದುಪಡಿಯ ನಂತರ ಇವನ್ನು ಆ ವರ್ಷದ ಶೇಕಡಾ 50ರ ಮಿತಿಯೊಳಗೆ ಸೇರಿಸಬೇಕಾಗಿಲ್ಲ. ‘ಹೈ-ಕ ವೃಂದ’, ‘ಉಳಿಕೆ ಮೂಲ ವೃಂದ’ ಎಂಬವು 371ಜೆ ವಿಧಿಯಿಂದ ಬಂದವು. ಪ್ರದೇಶದ ಹೆಸರು 2019ರಲ್ಲಿ ಕಲ್ಯಾಣ ಕರ್ನಾಟಕವಾದರೂ ಹಳೆಯ ಅಕ್ಷರ ಬಾಯಿಂದ ಹೋಗಿಲ್ಲ. ಟಿಇಟಿ ಪಾಸಾದವರು ‘ನನಗೆ ಮೇಷ್ಟರ ಕೆಲಸ ಆಯಿತು’ ಎಂದು ಸಿಹಿ ಹಂಚುವುದುಂಟು. ಅದು ಅರ್ಹತಾ ಪರೀಕ್ಷೆ ಮಾತ್ರ. ಟಿಕೆಟ್ಟು ಸಿಕ್ಕಿದೆ, ಬಸ್ಸು ಇನ್ನೂ ಬಂದಿಲ್ಲ.

ಕೆಲಸ ಸಿಕ್ಕ ಮೇಲೂ ಪದಗಳ ಕಾಟ ತಪ್ಪದು. ಪರೀಕ್ಷಾರ್ಥ ಸೇವಾವಧಿ ಸಾಮಾನ್ಯವಾಗಿ ಎರಡು ವರ್ಷ. ಎರಡು ವರ್ಷ ಕಳೆದರೆ ತಾನೇ ಖಾಯಂ ಆಯಿತೆಂದು ಸುಮ್ಮನೆ ಕೂರುವವರುಂಟು. 1977ರ ರಾಜ್ಯ ನಿಯಮಗಳ ಪ್ರಕಾರ ತೃಪ್ತಿಕರವಾಗಿ ಪೂರೈಸಿದ್ದೀರಿ ಎಂಬ ಸ್ಪಷ್ಟ ಆದೇಶ ಹೊರಡಬೇಕು. ಅಲ್ಲಿಯವರೆಗೆ ಪರೀಕ್ಷೆ ಮುಗಿದಿಲ್ಲ.

‘ಅತಿಥಿ’ ಎಂಬ ಪದವನ್ನು ಇಷ್ಟು ವಿಚಿತ್ರವಾಗಿ ಬೇರೆಲ್ಲೂ ಬಳಸಿಲ್ಲ. ನಮ್ಮ ಮನೆಗೆ ಬರುವ ಅತಿಥಿಯನ್ನು ಎರಡನೇ ಪಂಕ್ತಿಯಲ್ಲಿ ಕೂರಿಸುವುದಿಲ್ಲ. ಶಾಲೆಯ ಅತಿಥಿ ಶಿಕ್ಷಕರು ಅದೇ ಪಾಠ, ಅದೇ ತರಗತಿ ತೆಗೆದುಕೊಂಡು ಬೇಸಿಗೆ ರಜೆಗೆ ಮನೆಗೆ ಹೋಗುತ್ತಾರೆ, ಮುಂದಿನ ಜೂನಿನಲ್ಲಿ ಮತ್ತೆ ಹೊಸಬರಾಗಿ ಬರುತ್ತಾರೆ. ಅವರಿಗೆ ಕೊಡುವುದಕ್ಕೆ ‘ಗೌರವಧನ’ ಎಂದು ಹೆಸರು. ವೇತನ ಎಂದು ಕರೆದರೆ ಅದರ ಹಿಂದೆ ಭತ್ಯೆ, ರಜೆ, ಪಿಂಚಣಿ ಎಲ್ಲ ಸಾಲಾಗಿ ನಿಲ್ಲುತ್ತವಲ್ಲ! ಅಂಗನವಾಡಿ ಕಾರ್ಯಕರ್ತೆಯರದ್ದೂ ಇದೇ ಪಾಡು. ಅವರದು ಸರ್ಕಾರಿ ಹುದ್ದೆಯಲ್ಲ ಎಂದು 2006ರಲ್ಲಿ ಕರ್ನಾಟಕದ್ದೇ ಪ್ರಕರಣದಲ್ಲಿ ತೀರ್ಪಾಯಿತು. ಗುಜರಾತಿನವರು ಪಟ್ಟು ಬಿಡದೆ ಹೋರಾಡಿದ ಮೇಲೆ 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಹೆಸರು ಗೌರವಧನವಾದರೂ ಗ್ರಾಚುಯಿಟಿ ಕಾಯಿದೆಯ ಮಟ್ಟಿಗೆ ಅದು ವೇತನವೇ ಎಂದಿತು.

ಇನ್ನು ‘ಸಕ್ರಮ’. ಅಕ್ರಮ ಮನೆಗಳಿಗೂ ದಿನಗೂಲಿ ನೌಕರರಿಗೂ ನಾವು ಒಂದೇ ಪದ ಬಳಸುತ್ತೇವೆ. ಇಡೀ ದೇಶಕ್ಕೆ ದಾರಿ ತೋರಿಸಿದ, ಹಲವರ ದಾರಿ ಮುಚ್ಚಿಯೂಬಿಟ್ಟ ತೀರ್ಪು ಹುಟ್ಟಿದ್ದು ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳ ಮೊಕದ್ದಮೆಯಿಂದ. ಉಮಾದೇವಿ ಪ್ರಕರಣವೆಂದೇ ಅದು ಪ್ರಸಿದ್ಧ. ಎಷ್ಟು ವರ್ಷ ದುಡಿದರೂ ತಾತ್ಕಾಲಿಕನಿಗೆ ಖಾಯಮಾತಿ ಕೇಳುವ ಹಕ್ಕಿಲ್ಲ ಎಂದು 2006ರ ಏಪ್ರಿಲ್‌ನಲ್ಲಿ ಸಂವಿಧಾನ ಪೀಠ ಹೇಳಿತು. ಒಂದು ಕಿಂಡಿಯನ್ನಷ್ಟೇ ಬಿಟ್ಟಿತು. ನೇಮಕ ‘ಕಾನೂನುಬಾಹಿರ’ವಾಗಿದ್ದರೆ ಇಲ್ಲ. ಬರೀ ‘ಕ್ರಮತಪ್ಪಿ’ದ್ದರೆ, ಮಂಜೂರಾದ ಹುದ್ದೆಯಲ್ಲಿ ವಿದ್ಯಾರ್ಹತೆ ಇದ್ದವನು ನ್ಯಾಯಾಲಯದ ಆದೇಶದ ನೆರವಿಲ್ಲದೆ ಹತ್ತು ವರ್ಷ ದುಡಿದಿದ್ದರೆ, ಒಂದು ಸಲಕ್ಕೆ ಮಾತ್ರ ಪರಿಗಣಿಸಬಹುದು. ಒಂದೇ ಕಚೇರಿಯ ಅಕ್ಕಪಕ್ಕದ ಕುರ್ಚಿಗಳಲ್ಲಿ ಕೂತ ಇಬ್ಬರಲ್ಲಿ ಒಬ್ಬ ಕ್ರಮತಪ್ಪಿದವನು, ಇನ್ನೊಬ್ಬ ಕಾನೂನುಬಾಹಿರ. ಕೆಲಸದಲ್ಲಿ ವ್ಯತ್ಯಾಸ ಹುಡುಕಿದರೂ ಸಿಗದು. ನಮ್ಮ ಸರ್ಕಾರ ದಿನಗೂಲಿ ನೌಕರರಿಗಾಗಿ ಪ್ರತ್ಯೇಕ ಕ್ಷೇಮಾಭಿವೃದ್ಧಿ ಕಾಯಿದೆಯನ್ನೇ 2012ರಲ್ಲಿ ತರಬೇಕಾಯಿತು.

ಆ ತೀರ್ಪನ್ನು ಗುರಾಣಿಯಂತೆ ಹಿಡಿದು ದಶಕಗಳ ದುಡಿಮೆಯನ್ನು ತಳ್ಳಿಹಾಕುವಂತಿಲ್ಲ ಎಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ಕಸ ಗುಡಿಸುತ್ತ, ತೋಟ ನೋಡಿಕೊಳ್ಳುತ್ತ ವಯಸ್ಸು ಕಳೆದವರ ಮೊಕದ್ದಮೆ ಅದು. ಅವರ ಕೆಲಸವನ್ನು ಇಲಾಖೆ ‘ಅರೆಕಾಲಿಕ’ ಎಂದು ಕರೆದಿತ್ತು. ಆದೇಶದಲ್ಲಿ ಬಂದ ಪದ ‘ತಕ್ಷಣ’.