ಹಿಮದ ಮೇಲೆ ನಿಲ್ಲುವ ಬಗೆ

ನಿಲ್ಲುವುದೂ ಒಂದು ವಿದ್ಯೆಯೆಂಬುದನ್ನು ನಮ್ಮ ಪೂರ್ವಿಕರು ಬಲ್ಲವರಾಗಿದ್ದರು. ಬಿಲ್ಲಾಳು ಕಾಲಿಡುವ ಕ್ರಮಕ್ಕೆ ಆಲೀಢ, ಪ್ರತ್ಯಾಲೀಢ ಮೊದಲಾದ ಐದು ಸ್ಥಾನಗಳನ್ನು ಅಮರಕೋಶವು ಸೂಚಿಸುವುದಷ್ಟೆ. ಪಾದಗಳಿಗೆ ಸ್ಕೀ ಎಂಬ ನೀಳವಾದ ಹಲಗೆಗಳನ್ನು ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಯೂರೋಪಿಯನರಲ್ಲಿಯೂ ಇಂತಹ ಸ್ಥಾನವಿಚಾರವು ನೂರೈವತ್ತು ವರ್ಷಗಳಿಂದ ನಡೆದುಬಂದಿದೆ. ಬಿಲ್ಲಾಳಿನ ಕಾಲು ತಪ್ಪಿದರೆ ಗುರಿ ತಪ್ಪೀತು. ಇವರ ಕಾಲು ತಪ್ಪಿದರೆ ಮೂಳೆಯೇ ಮುರಿದೀತು. ಆದುದರಿಂದ ಅಲ್ಲಿ ಗುರುವಾಕ್ಯಕ್ಕೆ ಬಹಳ ಬೆಲೆಯುಂಟು. ಹೀಗಿದ್ದೂ ಒಬ್ಬ ಗುರು ವಿಧಿಸಿದುದನ್ನು ಮುಂದಿನವನು ನಿಷೇಧಿಸುತ್ತ ಬಂದಿರುವುದೇತಕ್ಕೆ?

ನಾರ್ವೆ ದೇಶದ ಟೆಲೆಮಾರ್ಕ್ ಸೀಮೆಯಲ್ಲಿ ಸೋಂದ್ರೆ ನೂರ್ಹೈಮ್ (1825–1897) ಎಂಬ ಬಡ ಒಕ್ಕಲಿಗನಿದ್ದನು. ಎಳೆಯ ಕೊಂಬೆಗಳನ್ನು ಹೊಸೆದು ಅವನು ಹಲಗೆಯನ್ನು ಹಿಮ್ಮಡಿಗೂ ಸುತ್ತಿ ಕಟ್ಟಿದನು. ಹಿಮ್ಮಡಿ ಮೇಲೇಳಬಲ್ಲುದು, ಹಲಗೆ ಮಾತ್ರ ಕಳಚದು. ಒಂದು ಕಾಲನ್ನು ಮುಂದಿಟ್ಟು, ಹಿಂದಿನ ಮೊಣಕಾಲನ್ನು ಬಗ್ಗಿಸಿ ತಿರುಗುವ ಆ ಭಂಗಿಯನ್ನು ನಮ್ಮ ಆಲೀಢದ ದಾಯಾದಿ ಎನ್ನಬಹುದು. 1868ರಲ್ಲಿ, ಇಂದು ಓಸ್ಲೊ ಎನಿಸಿರುವ ಕ್ರಿಸ್ತಿಯಾನಿಯಾದ ಪಂದ್ಯದಲ್ಲಿ, ನಲವತ್ತು ದಾಟಿದ ಈ ಹಳ್ಳಿಗನನ್ನು ಕಂಡು ಪಟ್ಟಣಿಗರು ಬೆರಗಾದರು.

ಆಲ್ಪ್ಸ್ ಪರ್ವತದ ಕಡಿದಾದ ಇಳಿಜಾರಿಗೆ ಈ ಕ್ರಮ ಒಗ್ಗಲಿಲ್ಲ. ಆಸ್ಟ್ರಿಯದ ಮಥಿಯಾಸ್ ಜ್ಡಾರ್‌ಸ್ಕಿಯು 1890ರ ದಶಕದಲ್ಲಿ ಹಲಗೆಯನ್ನು ಗಿಡ್ಡ ಮಾಡಿ, ಒಂದೇ ಒಂದು ಕೋಲು ಹಿಡಿದು, ಹಲಗೆಯ ಹಿಂಬದಿಯನ್ನು ಹೊರಕ್ಕೆ ಒತ್ತಿ ವೇಗವನ್ನು ತಡೆಯುವುದನ್ನು ಕಲಿಸಿದನು. 1916ರಲ್ಲಿ ಹಿಮಪಾತಕ್ಕೆ ಸಿಕ್ಕಿ ಮೈಯ ಮೂಳೆಗಳೆಷ್ಟೋ ಮುರಿದರೂ ಬದುಕಿದ ಗಟ್ಟಿಗನೀತ. ಅವನ ತರುವಾಯ ಅರ್ಲ್‌ಬರ್ಗ್ ಸೀಮೆಯ ಹಾನ್ನೆಸ್ ಶ್ನೈಡರ್ (1890–1955) ಎರಡು ಕೋಲು ಹಿಡಿಸಿ, ಮೊಣಕಾಲು ಚೆನ್ನಾಗಿ ಬಗ್ಗಿಸಿ, ಮುಂದಕ್ಕೆ ಬಾಗಿ ಕುಕ್ಕರಿಸಿದಂತೆ ಇಳಿಯಿರೆಂದನು. ಸುಲಭದಿಂದ ಕಠಿನಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕಲಿಸುವ ಅವನ ಪಾಠಕ್ರಮವನ್ನು ನಾನು ಉಪಾಧ್ಯಾಯನಾಗಿ ಮೆಚ್ಚದಿರಲಾರೆ. 1938ರಲ್ಲಿ ನಾಜಿಗಳು ಈ ಮಹಾಗುರುವನ್ನು ಸೆರೆಯಲ್ಲಿಟ್ಟರು. ಮರುವರ್ಷ ಅವನು ಅಮೆರಿಕಕ್ಕೆ ಹೋಗಿ ಅಲ್ಲಿ ತನ್ನ ಪಾಠವನ್ನು ಮುಂದುವರಿಸಿದನು.

ಇನ್ನು 1950ರ ದಶಕಕ್ಕೆ ಬರೋಣ. ಆಸ್ಟ್ರಿಯದವನೇ ಆದ ಸ್ಟೆಫಾನ್ ಕ್ರುಕೆನ್‌ಹೌಸರ್ ಎಂಬಾತನು ಪಾದಗಳೆರಡನ್ನೂ ಅಂಟಿಸಿದಂತೆ ಜೋಡಿಸಿ, ಎದೆಯನ್ನು ಕಣಿವೆಯ ಕಡೆಗಿಟ್ಟು, ಸೊಂಟದಿಂದ ಕೆಳಗೆ ಮಾತ್ರ ಅತ್ತಿತ್ತ ತೂಗುವ ಕ್ರಮವನ್ನು ಲೋಕಕ್ಕೆ ಕಲಿಸಿದನು. ನೋಡಲು ನಾಟ್ಯದಂತಿದ್ದ ಆ ಭಂಗಿಯು ದಶಕಗಳ ಕಾಲ ಶಿಷ್ಟಾಚಾರವೆನಿಸಿತು. ಕಾಲು ಅಗಲಿಸಿದವನು ಒಡ್ಡನೆನಿಸಿದನು.

ಆದರೆ ವಾಚಕರು ಗಮನಿಸಬೇಕಾದ ಸಂಗತಿಯೊಂದಿದೆ. ಆಗಿನ ಹಲಗೆಗಳು ಸುಮಾರು 2 ಮೀಟರು ಉದ್ದವಾಗಿಯೂ ಅಂಚು ಬಹುಮಟ್ಟಿಗೆ ನೇರವಾಗಿಯೂ ಇದ್ದವು. ಅವು ತಾವಾಗಿ ತಿರುಗುತ್ತಿರಲಿಲ್ಲ. ಮೈಯನ್ನು ಮೇಲಕ್ಕೆತ್ತಿ ಭಾರವನ್ನು ಹಗುರಮಾಡಿ, ಎರಡನ್ನೂ ಒಂದೆಂಬಂತೆ ತಳ್ಳಿ ತಿರುಗಿಸಬೇಕಾಗಿದ್ದಿತು. ಜೋಡಿಪಾದದ ಸೊಬಗಿನ ಗುಟ್ಟು ಬಹುಪಾಲು ಇಷ್ಟೆ! 1990ರ ದಶಕದಲ್ಲಿ ನಡು ಕಿರಿದಾಗಿ ಎರಡು ಕೊನೆಗಳೂ ಅಗಲವಾದ ಗಿಡ್ಡ ಹಲಗೆಗಳು ಬಂದವು. ಟೆಲೆಮಾರ್ಕಿನ ಹಲಗೆಗಳಿಗೂ ಕೊಂಚ ಸಣ್ಣ ನಡುವಿದ್ದಿತು. ಇವು ಅದನ್ನೇ ಬಹಳ ಮುಂದಕ್ಕೆ ಒಯ್ದವು. ಇಂತಹ ಹಲಗೆಯನ್ನು ಅಂಚಿನ ಮೇಲೆ ಓರೆಮಾಡಿ ಭಾರ ಹಾಕಿದರೆ ಅದು ಬಿಲ್ಲಿನಂತೆ ಬಾಗಿ, ಆ ಬಾಗಿನ ಹಾದಿಯಲ್ಲಿಯೇ ಹರಿಯುತ್ತದೆ. ಎರಡು ಪಾದಗಳೂ ಬೇರೆಬೇರೆಯಾಗಿ ಓರೆಯಾಗಲು ನಡುವೆ ಎಡೆ ಬೇಕು. ಆದಕಾರಣ ಇಂದಿನ ಶಿಕ್ಷಕರು ಕಾಲುಗಳನ್ನು ಸೊಂಟದಷ್ಟು ಅಗಲಿಸಿರೆಂದು ಹೇಳುತ್ತಾರೆ.

ಹಳೆಯ ಪಾಠವನ್ನು ಅಚ್ಚುಕಟ್ಟಾಗಿ ಕಲಿತ ವೃದ್ಧರಿಗೆ ಇದರಿಂದ ಸಂಕಟವೇ. ಚಿಕ್ಕಂದಿನಲ್ಲಿ ಏಟಿಗೆ ಸಮನಾದ ಬೈಗುಳನ್ನು ತಿಂದು ಜೋಡಿಸಿದ ಮೊಣಕಾಲುಗಳು ಅರವತ್ತರಲ್ಲಿ ಸುಲಭವಾಗಿ ಅಗಲುವುವೆ? ಆಲ್ಪ್ಸಿನ ಇಳಿಜಾರುಗಳಲ್ಲಿ ಇಂದಿಗೂ, ಹೊಸ ಹಲಗೆ ಕಟ್ಟಿಕೊಂಡು ಹಳೆಯ ಜೋಡಿಪಾದದಲ್ಲಿ ತೂಗುತ್ತ ಇಳಿಯುವ ಹಿರಿಯರು ಕಾಣಸಿಗುತ್ತಾರೆ.